ನಿಮ್ಮ ಟೋಕನ್ ನಮ್ಮ ಡ್ರಾಯರ್‌ನಲ್ಲಿ ಯಾಕಿದೆ? ಕಂಪನಿ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಾಲೀಕರೇ, ನಿರ್ದೇಶಕರೇ, ಕಂಪನಿಯ ಖಾತೆಗೆ ಸಹಿ ಮಾಡುವ ಅಧಿಕಾರ ಇರುವ ಎಲ್ಲರೇ,

ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೂತು, ಬ್ಯಾಂಕಿನ ಕಾರ್ಪೊರೇಟ್ ವೆಬ್‌ಸೈಟ್‌ನಿಂದ ದಿನವೂ ಹಣ ಕಳಿಸುವವರಲ್ಲಿ ನಾನೂ ಒಬ್ಬ. ಈ ಪತ್ರವನ್ನು ದೂರು ಅಂದುಕೊಂಡರೂ ಸರಿ, ಕೋರಿಕೆ ಅಂದುಕೊಂಡರೂ ಸರಿ. ಪಾವತಿಗೆ ಒಪ್ಪಿಗೆ ಕೊಡಲು ಬ್ಯಾಂಕ್ ನಿಮಗೆಂದೇ ಕೊಟ್ಟ ಟೋಕನ್ ಎಂಬ ಪುಟ್ಟ ಸಾಧನ, ನಿಮ್ಮ ಯೂಸರ್ ಐಡಿ, ನಿಮ್ಮ ಪಾಸ್‌ವರ್ಡ್ ಎಷ್ಟೋ ಕಂಪನಿಗಳಲ್ಲಿ ನಮ್ಮಂಥವರ ಬಳಿಯೇ ಇರುತ್ತವೆ. ದಯವಿಟ್ಟು ಅವನ್ನು ವಾಪಸ್ ತೆಗೆದುಕೊಳ್ಳಿ.

ಇದು ಹೇಗೆ ಆಗುತ್ತದೆ ಅಂತ ನಿಮಗೂ ಗೊತ್ತು. ನೀವು ಪ್ರಯಾಣದಲ್ಲಿರುತ್ತೀರಿ, ಮೀಟಿಂಗ್‌ನಲ್ಲಿರುತ್ತೀರಿ. ಸಂಬಳದ ದಿನ ಬಂದಿರುತ್ತದೆ. "ನನ್ನ ಲಾಗಿನ್ ನಿನ್ನ ಹತ್ತಿರಾನೇ ಇರಲಿ, ನೀನೇ ಮಾಡಿಬಿಡು" ಅನ್ನುತ್ತೀರಿ. ಅದು ನಂಬಿಕೆಯ ಮಾತು, ಆ ಹೊತ್ತಿಗೆ ನಮಗೂ ಹೆಮ್ಮೆ ಅನಿಸುತ್ತದೆ. ಆಮೇಲೆ ಅದೇ ರೂಢಿಯಾಗುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಮಾತ್ರ ಪ್ರತಿ ಪಾವತಿಯನ್ನೂ ಇಬ್ಬರು ನೋಡಿದ್ದಾರೆ ಅಂತ ಬರೆದಿರುತ್ತದೆ. ನೋಡಿದ್ದು ಒಬ್ಬರೇ.

ಕಾರ್ಪೊರೇಟ್ ಬ್ಯಾಂಕಿಂಗ್ ನಿಂತಿರುವುದೇ ಮೇಕರ್ ಮತ್ತು ಚೆಕರ್ ಎಂಬ ಎರಡು ಪಾತ್ರಗಳ ಮೇಲೆ. ಒಬ್ಬರು ಪಾವತಿಯನ್ನು ಸಿದ್ಧ ಮಾಡಬೇಕು, ಇನ್ನೊಬ್ಬರು ಅದನ್ನು ಓದಿ ಒಪ್ಪಬೇಕು. ಒಂದು ಕಂಪ್ಯೂಟರ್ ಕಳ್ಳರ ಕೈಗೆ ಸಿಕ್ಕರೂ, ಒಬ್ಬ ಉದ್ಯೋಗಿಯ ಮನಸ್ಸು ಕೆಟ್ಟರೂ ಹಣ ಹೊರಗೆ ಹೋಗಬಾರದು ಅನ್ನುವುದು ಲೆಕ್ಕ. ಎರಡೂ ಪಾತ್ರಗಳು ಒಂದೇ ಮೇಜಿನ ಮೇಲೆ, ಒಂದೇ ಕಂಪ್ಯೂಟರ್‌ನಲ್ಲಿ ಇದ್ದರೆ ಈ ಏರ್ಪಾಡು ಇದ್ದೂ ಇಲ್ಲದಂತೆ. ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ನೀವು ಯಾರ ಮೇಜಿನ ಮೇಲೂ ಬಿಟ್ಟು ಹೋಗುವುದಿಲ್ಲ, ಅಲ್ವಾ? ಹಾಗಾದರೆ ಟೋಕನ್ ಯಾಕೆ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಚಾಯ್ಸ್ ಎಸ್ಕ್ರೋ ಎಂಬ ಕಂಪನಿ ಇತ್ತು. ಜಮೀನು ವ್ಯವಹಾರದಲ್ಲಿ ಗ್ರಾಹಕರ ಹಣವನ್ನು ಕಾದಿಡುವ ಕೆಲಸ. ಪ್ರತಿ ಪಾವತಿಗೂ ಇಬ್ಬರ ಒಪ್ಪಿಗೆ ಬೇಕು ಎಂಬ ವ್ಯವಸ್ಥೆಯನ್ನು ಅವರ ಬ್ಯಾಂಕ್ ಕೊಡಲು ಬಂದಿತ್ತು. ಕೆಲವೊಮ್ಮೆ ಆಫೀಸಿನಲ್ಲಿ ಒಬ್ಬರೇ ಇರುತ್ತಾರೆ, ನಮಗೆ ಇದು ಆಗಿಬರಲ್ಲ ಅಂತ ಕಂಪನಿ ಬೇಡವೆಂದಿತು. ಹಾಗಂತ ಬರೆದೂ ಕೊಟ್ಟಿತು. 2010ರ ಮಾರ್ಚ್‌ನಲ್ಲಿ ಕಳ್ಳರು ಅಲ್ಲಿಯ ಒಬ್ಬ ಉದ್ಯೋಗಿಯ ಲಾಗಿನ್ ಬಳಸಿ 4,40,000 ಡಾಲರ್ ಅನ್ನು ಸೈಪ್ರಸ್‌ಗೆ ಕಳಿಸಿಬಿಟ್ಟರು. ಕಂಪನಿ ಬ್ಯಾಂಕಿನ ಮೇಲೆ ಕೇಸು ಹಾಕಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ರಕ್ಷಣೆ ಕೊಡಲು ಬಂದಾಗ ಬೇಡವೆಂದವರು ನೀವು, ನಷ್ಟವೂ ನಿಮ್ಮದೇ ಅನ್ನುವುದು ತೀರ್ಪಿನ ತಿರುಳು. ಆ ಕಂಪನಿ ಕೊನೇಪಕ್ಷ ಬೇಡ ಅಂತ ನೇರವಾಗಿ ಹೇಳಿತ್ತು. ಟೋಕನ್ ಅನ್ನು ಡ್ರಾಯರ್‌ಗೆ ಹಾಕಿದವರು ಬೇಕು ಅಂತ ಸಹಿ ಮಾಡಿ, ಆಮೇಲೆ ಬೇಡ ಅಂದಿರುತ್ತಾರೆ. ನಾಳೆ ಏನಾದರೂ ಆದರೆ ದಾಖಲೆಯಲ್ಲಿ ಒಪ್ಪಿಗೆ ಕೊಟ್ಟವರ ಹೆಸರು ನಿಮ್ಮದು, ಪೊಲೀಸರು ಮೊದಲು ಪ್ರಶ್ನೆ ಕೇಳುವುದು ನಮ್ಮನ್ನು. ಇಬ್ಬರಿಗೂ ಒಳ್ಳೆಯದಲ್ಲ.

"ನಾನು ಊರಲ್ಲಿ ಇಲ್ಲದಿದ್ದಾಗ ಏನು ಮಾಡಲಿ?" ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ದಾರಿ ಇದೆ. ಒಪ್ಪಿಗೆ ಕೊಡುವ ಚೆಕರ್‌ಗಳನ್ನು ಮೂವರನ್ನಾಗಿ ಮಾಡಿ, ಅವರಲ್ಲಿ ಯಾರಾದರೂ ಒಬ್ಬರು ಒಪ್ಪಿದರೆ ಸಾಕು ಅಂತ ಬ್ಯಾಂಕಿಗೆ ಬರೆದುಕೊಡಿ. ದೊಡ್ಡ ಮೊತ್ತಕ್ಕೆ ಇಬ್ಬರು ಒಪ್ಪಬೇಕು ಅಂತ ಇಡಿ. ಬಹಳಷ್ಟು ಬ್ಯಾಂಕ್‌ಗಳಲ್ಲಿ ಈಗ ಫೋನಿನಿಂದಲೇ ಒಪ್ಪಿಗೆ ಕೊಡಬಹುದು. ವಿಮಾನ ನಿಲ್ದಾಣದಲ್ಲಿ ಕೂತು ಎರಡು ನಿಮಿಷ ಓದಿದರೆ ಮುಗಿಯಿತು. ಅಲ್ಲಿನ ಪುಕ್ಕಟೆ ವೈಫೈ ಬೇಡ, ನಿಮ್ಮದೇ ಮೊಬೈಲ್ ಡೇಟಾ ಸಾಕು.

ಎರಡು ನಿಮಿಷ ಓದುವುದು ಅಂದೆ. ನಿಜವಾಗಿ ನನಗೆ ಹೇಳಬೇಕಾಗಿರುವುದು ಆ ಓದುವುದರ ಬಗ್ಗೆಯೇ. ಟೋಕನ್ ತಮ್ಮ ಬಳಿಯೇ ಇಟ್ಟುಕೊಂಡ ನಿರ್ದೇಶಕರೂ ಸುಮಾರು ಸಲ ಓದದೆ ಒತ್ತುತ್ತಾರೆ. ಅದರಲ್ಲೂ ಫೈಲ್ ಅಪ್‌ಲೋಡ್ ಇದ್ದಾಗ. ಸಂಬಳ ಇರಲಿ, ವೆಂಡರ್‌ಗಳ ಬಿಲ್ ಇರಲಿ, ನಾವು ಒಂದೊಂದಾಗಿ ಟೈಪ್ ಮಾಡುವುದಿಲ್ಲ. ಅಕೌಂಟಿಂಗ್ ಸಾಫ್ಟ್‌ವೇರ್‌ನಿಂದ ಒಂದು ಫೈಲ್ ತೆಗೆಯುತ್ತೇವೆ. ಅದು ಆಫೀಸಿನ ಶೇರ್ಡ್ ಫೋಲ್ಡರ್‌ನಲ್ಲಿ ಕೂರುತ್ತದೆ. ಬ್ಯಾಂಕ್ ಕೇಳುವ ಮಾದರಿಗೆ ಹೊಂದಿಸಲು ಯಾರೋ ಅದನ್ನು ಎಕ್ಸೆಲ್‌ನಲ್ಲಿ ತೆರೆಯುತ್ತಾರೆ, ಒಂದು ಕಾಲಂ ಅಳಿಸುತ್ತಾರೆ, ಸೇವ್ ಮಾಡುತ್ತಾರೆ. ಆಮೇಲೆ ಅಪ್‌ಲೋಡ್. ನಿಮ್ಮ ಪರದೆಯ ಮೇಲೆ ಮೊದಲು ಕಾಣುವುದು ಎರಡೇ ಸಂಖ್ಯೆ, ಎಷ್ಟು ಪಾವತಿಗಳು ಮತ್ತು ಒಟ್ಟು ಎಷ್ಟು ಹಣ. ಎರಡೂ ನಮ್ಮ ಚೀಟಿಗೆ ತಾಳೆಯಾಗುತ್ತವೆ. ನೀವು ಒಪ್ಪುತ್ತೀರಿ.

ಆದರೆ ಆ ಫೋಲ್ಡರ್‌ನಲ್ಲಿ ಇದ್ದಾಗ ಫೈಲಿನೊಳಗೆ ಒಬ್ಬರ ಖಾತೆ ಸಂಖ್ಯೆ ಬದಲಾಗಿದ್ದರೆ? ಪಾವತಿಗಳ ಸಂಖ್ಯೆ ಅಷ್ಟೇ ಇರುತ್ತದೆ. ಒಟ್ಟು ಮೊತ್ತವೂ ಅಷ್ಟೇ. ಹೆಸರೂ ಅದೇ. ಹಣ ಮಾತ್ರ ಬೇರೆ ಕಡೆ ಹೋಗುತ್ತದೆ. ಇದಕ್ಕೆ ಹ್ಯಾಕರ್ ಕೂಡ ಬೇಡ, ಆ ಫೋಲ್ಡರ್ ತೆರೆಯಬಲ್ಲ ಯಾರಾದರೂ ಸಾಕು. ಹಳೆಯ ಕಾಲದ ಲೆಕ್ಕಿಗರು ಇದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದರು. ಖಾತೆ ಸಂಖ್ಯೆಗಳನ್ನೇ ಮೊತ್ತದ ಹಾಗೆ ಕೂಡಿ ಒಂದು ಸಂಖ್ಯೆ ಬರೆದಿಡುತ್ತಿದ್ದರು. ಅರ್ಥವಿಲ್ಲದ ಸಂಖ್ಯೆ, ಆದರೆ ಒಂದು ಅಂಕಿ ಬದಲಾದರೂ ಅದು ತಪ್ಪುತ್ತದೆ. ಸಾಫ್ಟ್‌ವೇರ್‌ನಿಂದ ಹೊರಬಂದಾಗ ಇದ್ದ ಸಂಖ್ಯೆ, ಬ್ಯಾಂಕಿಗೆ ಹೋದ ಮೇಲೆ ಬಂದ ಸಂಖ್ಯೆ, ಇವೆರಡನ್ನೂ ಜೋಡಿಸಿ ನೋಡಿ. ಇನ್ನೂ ಒಳ್ಳೆಯದು ಅಂದರೆ ಸಾಫ್ಟ್‌ವೇರ್ ತಾನೇ ಗೂಢಲಿಪಿಯಲ್ಲಿ ಬ್ಯಾಂಕಿಗೆ ಕಳಿಸುವ ವ್ಯವಸ್ಥೆ. ಅದು ಆಗದಿದ್ದರೆ ಆ ಫೋಲ್ಡರ್‌ಗೆ ಯಾರ್ಯಾರು ಹೋಗಬಹುದು ಅಂತ ಒಮ್ಮೆ ಕೇಳಿ. ಉತ್ತರ ಕೇಳಿ ಗಾಬರಿಯಾಗುವ ಸಾಧ್ಯತೆ ಇದೆ.

ಮತ್ತೆ, ಎಲ್ಲವನ್ನೂ ಓದಲು ನಿಮಗೆ ಟೈಮ್ ಇಲ್ಲ, ಒಪ್ಪುತ್ತೇನೆ. ಹೊಸದಾಗಿ ಸೇರಿದ ಖಾತೆಗಳು ಮತ್ತು ಇತ್ತೀಚೆಗೆ ಬದಲಾದ ಖಾತೆಗಳು, ಇವೆರಡನ್ನು ಮಾತ್ರ ಪ್ರತ್ಯೇಕ ಪಟ್ಟಿಯಾಗಿ ಕೇಳಿ. ಅದನ್ನು ಓದಿ. ಕಳ್ಳತನ ನಡೆಯುವುದು ಹೆಚ್ಚಾಗಿ ಅಲ್ಲೇ.

ಖಾತೆ ಬದಲಾವಣೆಯ ಪತ್ರಗಳು ಹೇಗೆ ಬರುತ್ತವೆ ಅಂತ ನಮಗೆ ಗೊತ್ತಿದೆ. ಹಳೆಯ ವೆಂಡರ್, ಹಳೆಯ ಮೇಲ್ ಸರಣಿ, ನಿಜವಾದ ಬಿಲ್ ಸಂಖ್ಯೆ, ಕೆಳಗೆ ಒಂದು ಸಾಲು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇಲ್ಲಿಗೆ ಕಳಿಸಿ. ಕೆಲವೊಮ್ಮೆ ಮೇಲ್ ಬಂದಿರುವುದು ವೆಂಡರ್‌ನ ನಿಜವಾದ ವಿಳಾಸದಿಂದಲೇ, ಯಾಕೆಂದರೆ ಕಳ್ಳರು ಕೂತಿರುವುದು ಅವರ ಮೇಲ್‌ಬಾಕ್ಸ್‌ನಲ್ಲಿ. ದೊಡ್ಡವರಿಗೆ ಇದೆಲ್ಲ ಆಗಲ್ಲ ಅನ್ನಬೇಡಿ. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ಮನುಷ್ಯ ತೈವಾನ್‌ನ ಕ್ವಾಂಟಾ ಕಂಪ್ಯೂಟರ್ ಎಂಬ ವೆಂಡರ್ ಕಂಪನಿಯ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಒಂದು ಕಂಪನಿ ತೆರೆದು, ಗೂಗಲ್ ಮತ್ತು ಫೇಸ್‌ಬುಕ್‌ಗೆ ನಕಲಿ ಬಿಲ್ ಕಳಿಸಿ 10 ಕೋಟಿ ಡಾಲರ್‌ಗೂ ಜಾಸ್ತಿ ಹಣ ತರಿಸಿಕೊಂಡ. 2019ರಲ್ಲಿ ಅವನಿಗೆ 5 ವರ್ಷ ಜೈಲಾಯಿತು. ಆ ಎರಡು ಕಂಪನಿಗಳಿಗೆ ಇಲ್ಲದ ತಂತ್ರಜ್ಞಾನ ಇನ್ನು ಯಾರಿಗೆ ಇರುತ್ತದೆ ಹೇಳಿ. ಬೇಕಿದ್ದದ್ದು ಒಂದು ಫೋನ್ ಕರೆ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ನಮ್ಮ ಹಳೆಯ ಕಡತದಲ್ಲಿರುವ ನಂಬರಿಗೆ. ಆ ಕರೆ ಮಾಡುವವರೆಗೆ ಪಾವತಿ ನಿಲ್ಲಿಸುವ ಅಧಿಕಾರ ನಮಗೆ ಬೇಕು. ವೆಂಡರ್ ನಿಮ್ಮ ಸ್ನೇಹಿತರೇ ಆಗಿದ್ದು, "ನಿಮ್ಮ ಹುಡುಗರು ಸುಮ್ನೆ ತಡ ಮಾಡುತ್ತಿದ್ದಾರೆ" ಅಂತ ನಿಮಗೆ ದೂರು ಕೊಟ್ಟಾಗ ನಮ್ಮನ್ನು ಬೈಯಬೇಡಿ. ಕೇಳುತ್ತಿರುವುದು ಇಷ್ಟೇ.

ನಿಮ್ಮ ಹೆಸರಿನಲ್ಲಿ ಬರುವ ಆದೇಶಗಳ ಬಗ್ಗೆಯೂ ಇದೇ ಮಾತು. "ತುರ್ತು, ಗುಟ್ಟು, ಈಗಲೇ ಕಳಿಸು, ಯಾರಿಗೂ ಹೇಳಬೇಡ." ಮೊದಲು ಇದು ಮೇಲ್‌ನಲ್ಲಿ ಬರುತ್ತಿತ್ತು. ಈಗ ದನಿಯೂ ಮುಖವೂ ಬರುತ್ತವೆ. 2024ರಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರಿಗೆ ಹಣಕಾಸು ಮುಖ್ಯಸ್ಥರ ಮೇಲ್ ಬಂತು. ಅವರಿಗೆ ಅನುಮಾನ ಬಂದಿತ್ತು. ಆಮೇಲೆ ವಿಡಿಯೊ ಕರೆಯಲ್ಲಿ ಮುಖ್ಯಸ್ಥರೂ ಸಹೋದ್ಯೋಗಿಗಳೂ ಕಂಡರು, ಅನುಮಾನ ಹೋಯಿತು. ಕಂಡವರೆಲ್ಲ ಕಂಪ್ಯೂಟರ್ ಸೃಷ್ಟಿಸಿದ ನಕಲಿಗಳು. 15 ಕಂತಿನಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಆ ಉದ್ಯೋಗಿಯನ್ನು ನಾನು ದೂರುವುದಿಲ್ಲ. ಮೇಲಿನವರನ್ನು ಮರುಪ್ರಶ್ನೆ ಮಾಡುವುದು ನಮ್ಮ ಕೆಲಸದ ಜಾಗಗಳಲ್ಲಿ ಅಷ್ಟು ಸುಲಭವಲ್ಲ. ಅದನ್ನು ಸುಲಭ ಮಾಡಬೇಕಾದವರು ನೀವು. "ನನ್ನ ಹೆಸರಿನಲ್ಲಿ ಯಾವ ಆದೇಶ ಬಂದರೂ ನನ್ನ ನಂಬರಿಗೆ ವಾಪಸ್ ಕರೆ ಮಾಡಿ ಕೇಳಿ, ಕೇಳಿದ್ದಕ್ಕೆ ಯಾರಿಗೂ ತೊಂದರೆ ಆಗುವುದಿಲ್ಲ" ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡಿ. ನಾವು ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಇನ್ನು ಕಂಪ್ಯೂಟರ್. ಬ್ಯಾಂಕ್ ಕೆಲಸಕ್ಕೆ ಒಂದು ಪ್ರತ್ಯೇಕ ಕಂಪ್ಯೂಟರ್ ಕೊಡಿ ಅಂತ ಕೇಳಿದರೆ ಖರ್ಚು ಅಂತೀರಿ. ಇರುವುದರಲ್ಲೇ ಹಳೆಯದೊಂದು ಸಾಕು, ಅಪ್‌ಡೇಟ್ ಆಗುತ್ತಿರಬೇಕು ಅಷ್ಟೇ. ಅದರಲ್ಲಿ ಮೇಲ್ ಬೇಡ, ವಾಟ್ಸ್ಆ್ಯಪ್ ಬೇಡ, ಪೆನ್‌ಡ್ರೈವ್ ಬೇಡ, ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ. ಹೊಸ ಸಾಫ್ಟ್‌ವೇರ್ ಹಾಕುವ ಅಡ್ಮಿನ್ ಅಧಿಕಾರವೂ ನಮಗೆ ಬೇಡ. ಬ್ಯಾಂಕಿನ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಟ್ಟು ಅಲ್ಲಿಂದಲೇ ಹೋಗುತ್ತೇವೆ. ಸರ್ಚ್ ಮಾಡಿ ಹೋಗುವುದು ಅಪಾಯ, ಮೇಲೆ ಬರುವ ಜಾಹೀರಾತು ಯಾರದು ಅಂತ ಹೇಳಲಾಗದು.

ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಸೈಟ್ ಸುರಕ್ಷಿತ ಅಂತ ಈಗಲೂ ಟ್ರೈನಿಂಗ್‌ಗಳಲ್ಲಿ ಹೇಳಿಕೊಡುತ್ತಾರೆ. ಆ ಪಾಠ ಹಳತಾಯಿತು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆ ಆ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಅನ್ನು ಪುಕ್ಕಟೆಯಾಗಿ ಕೊಡುತ್ತಿದೆ, ಒಳ್ಳೆಯ ಕೆಲಸವೇ. ಆದರೆ ಕಳ್ಳರ ಸೈಟಿಗೂ ಬೀಗ ಸಿಗುತ್ತದೆ. ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು. ನೋಡಬೇಕಾದದ್ದು ವಿಳಾಸದ ಅಕ್ಷರಗಳನ್ನು.

ಒಪ್ಪಿಗೆ ಬೇರೆ ಸಾಧನದಲ್ಲೇ ಆಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕಂಪ್ಯೂಟರ್‌ಗೆ ಒಮ್ಮೆ ವೈರಸ್ ಹೊಕ್ಕಿತು ಅಂದರೆ ಪರದೆಯನ್ನೂ ನಂಬುವಂತಿಲ್ಲ. 2009ರಲ್ಲಿ ಜರ್ಮನಿಯ ಬ್ಯಾಂಕ್ ಗ್ರಾಹಕರ ಮೇಲೆ ಬಿಟ್ಟಿದ್ದ ಯುಆರ್‌ಎಲ್‌ಝೋನ್ ಎಂಬ ಟ್ರೋಜನ್, ಅಂದರೆ ಕದ್ದು ಒಳಸೇರುವ ಸಾಫ್ಟ್‌ವೇರ್, ಹಣ ಕದ್ದ ಮೇಲೆ ಬ್ರೌಸರ್‌ನಲ್ಲಿ ಹಳೆಯ ಬ್ಯಾಲೆನ್ಸ್ ಅನ್ನೇ ತೋರಿಸುತ್ತಿತ್ತು. ವಿಳಾಸ ಸರಿ, ಸೈಟ್ ಸರಿ, ಕಾಣುವ ಅಂಕಿ ಸುಳ್ಳು. ಆದ್ದರಿಂದ ಫೋನಿನಲ್ಲೋ ಟೋಕನ್‌ನಲ್ಲೋ ಮೊತ್ತ, ಖಾತೆಯ ಕೊನೆಯ ಅಂಕಿಗಳು ಬಂದಾಗ ಅವನ್ನು ಕೈಯಲ್ಲಿರುವ ಬಿಲ್ಲಿನ ಜೊತೆ ಹೋಲಿಸಿ, ಪರದೆಯ ಜೊತೆಯಲ್ಲ. ನೀವು ಏನೂ ಮಾಡದಿರುವಾಗ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಬಂದರೆ, ಕಾಟ ತಪ್ಪಲಿ ಅಂತ ಒತ್ತಬೇಡಿ. ನಮಗೆ ಫೋನ್ ಮಾಡಿ.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉದ್ದ ಇರಲಿ, ಬೇರೆಲ್ಲೂ ಬಳಸಿರದಿರಲಿ. ಇಷ್ಟು ದಿನಕ್ಕೊಮ್ಮೆ ಬದಲಿಸಲೇಬೇಕು ಎಂಬ ನಿಯಮ ಬೇಡವೆಂದು ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಆ ನಿಯಮದಿಂದ ಆಗುವುದು ಕೊನೆಯ ಅಂಕಿ ಒಂದರಿಂದ ಎರಡಾಗುವುದು, ಮಾನಿಟರ್‌ಗೆ ಇನ್ನೊಂದು ಚೀಟಿ ಅಂಟುವುದು.

ಅದಕ್ಕಿಂತ ಮುಖ್ಯವಾದದ್ದು ಯೂಸರ್ ಪಟ್ಟಿ. ಬ್ಯಾಂಕಿನ ಸೈಟ್‌ನಲ್ಲಿ ನಿಮ್ಮ ಕಂಪನಿಯ ಹೆಸರಿನಲ್ಲಿ ಯಾರ್ಯಾರಿದ್ದಾರೆ ಅಂತ ಒಮ್ಮೆ ಪ್ರಿಂಟ್ ತೆಗೆಸಿ ನೋಡಿ. ಕೆಲಸ ಬಿಟ್ಟವರು ಇರುತ್ತಾರೆ. ಆಡಿಟ್‌ಗೆಂದು ಕೊಟ್ಟ ಲಾಗಿನ್ ಹಾಗೇ ಇರುತ್ತದೆ. ಎಚ್ಚರಿಕೆಯ ಎಸ್‌ಎಂಎಸ್ ಹೋಗುತ್ತಿರುವ ನಂಬರ್ ಈಗ ಯಾರದ್ದೋ ಆಗಿರುತ್ತದೆ. ಹೊಸ ಯೂಸರ್ ಸೇರಿಸುವ, ಮಿತಿ ಏರಿಸುವ ಅಧಿಕಾರ ಒಬ್ಬರದೇ ಕೈಯಲ್ಲಿದ್ದರೆ ಅದನ್ನೂ ಇಬ್ಬರಿಗೆ ಮಾಡಿ. ಯಾಕೆಂದರೆ ಒಬ್ಬ ಅಡ್ಮಿನ್ ಇನ್ನೊಬ್ಬ ನಕಲಿ ಚೆಕರ್‌ನನ್ನು ಸೃಷ್ಟಿಸಬಹುದಾದರೆ ಉಳಿದದ್ದೆಲ್ಲ ನಾಟಕ.

ರಜೆಗೆ ಮುಂಚಿನ ಸಂಜೆ ಹುಷಾರಾಗಿರಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ 2016ರ ಫೆಬ್ರವರಿಯಲ್ಲಿ ನುಗ್ಗಿದವರು ಗುರುವಾರ ರಾತ್ರಿಯನ್ನೇ ಆರಿಸಿಕೊಂಡಿದ್ದರು. ಢಾಕಾದಲ್ಲಿ ಶುಕ್ರವಾರ ರಜೆ, ಆ ಬ್ಯಾಂಕಿನ ಹಣ ಇದ್ದ ನ್ಯೂಯಾರ್ಕ್‌ನಲ್ಲಿ ಶನಿವಾರ ಭಾನುವಾರ, ಹಣ ಹೋದ ಫಿಲಿಪ್ಪೀನ್ಸ್‌ನಲ್ಲಿ ಸೋಮವಾರ ಚೀನೀ ಹೊಸ ವರ್ಷ. ಕೇಳಿದ್ದು 95 ಕೋಟಿ ಡಾಲರ್, ಅಲ್ಲಿಗೆ ಹೋದದ್ದು 8.1 ಕೋಟಿ. ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೂ 2 ಕೋಟಿ ಉಳಿದದ್ದು ಹೆಸರಿನಲ್ಲಿ ಒಂದು ಕಾಗುಣಿತದ ತಪ್ಪು ಕಂಡು ಯಾರೋ ತಡೆದದ್ದರಿಂದ. ಅದು ಬ್ಯಾಂಕ್‌ಗಳು ಪರಸ್ಪರ ಪಾವತಿ ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆ, ನಮ್ಮದು ಸಾಮಾನ್ಯ ಕಾರ್ಪೊರೇಟ್ ಲಾಗಿನ್. ಕಳ್ಳರ ಕ್ಯಾಲೆಂಡರ್ ಮಾತ್ರ ಒಂದೇ. ತಿಂಗಳ ಕೊನೆಗೆ ಖಾತೆ ತಾಳೆ ನೋಡುವ ಪದ್ಧತಿ ಬಿಟ್ಟು, ದಿನವೂ ಬೆಳಿಗ್ಗೆ ನೋಡಲು ನಮಗೆ ಅರ್ಧ ಗಂಟೆ ಬಿಡಿ.

ಹಣ ಹೋದದ್ದು ಗೊತ್ತಾದರೆ ಮೊದಲ ಕರೆ ಬ್ಯಾಂಕಿಗೆ, ಆಮೇಲೆ ನಿಮಗೆ. ಈ ಕ್ರಮಕ್ಕೆ ನಿಮ್ಮ ಒಪ್ಪಿಗೆ ಈಗಲೇ ಬೇಕು. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಹಾರುವ ಮುಂಚೆ ತಡೆಯಬೇಕಾದರೆ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಬ್ಯಾಂಕಿನ ತುರ್ತು ನಂಬರ್ ಕಾಗದದ ಮೇಲೆ ಇರಲಿ, ಆ ಹೊತ್ತಿಗೆ ಮೇಲ್ ನಂಬುವಂತಿರುವುದಿಲ್ಲ. ಕಂಪ್ಯೂಟರ್‌ನ ನೆಟ್‌ವರ್ಕ್ ತಂತಿ ಕಿತ್ತು ಹಾಗೇ ಬಿಡಬೇಕು. ಐಟಿಯವರು ಪ್ರೀತಿಯಿಂದ ಫಾರ್ಮ್ಯಾಟ್ ಮಾಡಿಬಿಟ್ಟರೆ ಸಾಕ್ಷಿ ಹೋಯಿತು.

ಕೊನೆಗೆ, ಈ ಪತ್ರವನ್ನು ಬ್ಯಾಂಕಿನವರೂ ಓದುತ್ತಾರೆ ಅಂದುಕೊಂಡು ಅವರಿಗೂ ಸ್ವಲ್ಪ.

ಅಮೆರಿಕದ ಮೇನ್ ರಾಜ್ಯದ ಪ್ಯಾಟ್ಕೊ ಎಂಬ ಕಟ್ಟಡ ಕಂಪನಿಯ ಖಾತೆಯಿಂದ 2009ರ ಮೇ ತಿಂಗಳಲ್ಲಿ ಕಳ್ಳರು ಹಲವು ದಿನಗಳ ಕಾಲ 5,88,000 ಡಾಲರ್‌ಗೂ ಜಾಸ್ತಿ ಎಳೆದರು. ಅದರಲ್ಲಿ ಸುಮಾರು 2,43,000 ಡಾಲರ್ ಮಾತ್ರ ತಡೆಯಲು ಆಯಿತು. ಅವರ ಬ್ಯಾಂಕ್ ರಹಸ್ಯ ಪ್ರಶ್ನೆ ಕೇಳುವ ಮಿತಿಯನ್ನು 1 ಡಾಲರ್‌ಗೆ ಇಳಿಸಿತ್ತು. ಕೇಳಲು ಒಳ್ಳೆಯದೇ ಅನಿಸುತ್ತದೆ. ಆದರೆ ಪ್ರತಿ ಪಾವತಿಗೂ ಅದೇ ಪ್ರಶ್ನೆ ಕೇಳಿದರೆ ಪ್ರತಿ ಸಲವೂ ಉತ್ತರ ಟೈಪ್ ಮಾಡಬೇಕು, ಕೀಲಿಮಣೆ ಕದ್ದು ನೋಡುವ ವೈರಸ್‌ಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಅದಕ್ಕಿಂತ ಬೇಸರದ ಸಂಗತಿ, ಬ್ಯಾಂಕಿನ ಕಂಪ್ಯೂಟರ್ ಆ ಪಾವತಿಗಳಿಗೆ ಅಪಾಯದ ಅಂಕ ಹೆಚ್ಚೇ ಕೊಟ್ಟಿತ್ತು. ಆ ಅಂಕವನ್ನು ನೋಡುವವರು ಇರಲಿಲ್ಲ, ಗ್ರಾಹಕರಿಗೂ ಹೇಳಲಿಲ್ಲ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಸರಿಯಾದ ಸುರಕ್ಷತೆಯಲ್ಲ ಅಂದಿತು.

ನಮ್ಮಲ್ಲಿ ಸಹಿಯ ಅಧಿಕಾರ ಇರುವವರು ಓದದೆ ಒತ್ತುವುದಕ್ಕೆ ನಿಮ್ಮ ಪರದೆಗಳೂ ಕಾರಣ. ಒಪ್ಪಿಗೆಯ ಪುಟದಲ್ಲಿ ಒಟ್ಟು ಮೊತ್ತದ ಬದಲು ಹೊಸ ಖಾತೆಗಳನ್ನು ಮೇಲೆ ತೋರಿಸಿ. ಖಾತೆ ಸಂಖ್ಯೆ ಹಾಕಿದ ಕೂಡಲೇ ಅದು ನಿಜವಾಗಿ ಯಾರ ಹೆಸರಿನಲ್ಲಿದೆ ಅಂತ ಹೇಳಿ. ನೆದರ್‌ಲೆಂಡ್ಸ್‌ನಲ್ಲಿ 2017ರಿಂದ, ಬ್ರಿಟನ್‌ನಲ್ಲಿ 2020ರಿಂದ ಹೆಸರು ತಾಳೆ ನೋಡುವ ವ್ಯವಸ್ಥೆ ಇದೆ. ಯೂರೊ ಬಳಸುವ ದೇಶಗಳಲ್ಲಿ 2025ರ ಅಕ್ಟೋಬರ್‌ನಿಂದ ಅದು ಕಡ್ಡಾಯ. ಒಟಿಪಿ ಕಳಿಸುವಾಗ ಬರೀ ಆರು ಅಂಕಿ ಕಳಿಸಬೇಡಿ, ಯಾರಿಗೆ, ಎಷ್ಟು ಅಂತಲೂ ಬರೆಯಿರಿ. ಮೊತ್ತವೋ ಪಡೆಯುವವರೋ ಬದಲಾದರೆ ಆ ಕೋಡ್ ಕೆಲಸ ಮಾಡಬಾರದು. ಯುರೋಪ್‌ನಲ್ಲಿ 2019ರಿಂದ ಇದೇ ನಿಯಮ. ನಿಮ್ಮ ಮಾರ್ಕೆಟಿಂಗ್ ವಿಭಾಗದವರು ಲಾಗಿನ್ ಲಿಂಕ್ ಇರುವ ಮೇಲ್ ಕಳಿಸುವುದನ್ನು ನಿಲ್ಲಿಸಿ. ಒಂದು ಕಡೆ ಲಿಂಕ್ ಒತ್ತಬೇಡಿ ಅಂತ ಪೋಸ್ಟರ್, ಇನ್ನೊಂದು ಕಡೆ ನಿಮ್ಮದೇ ಲಿಂಕ್. ಮತ್ತೆ ನಮ್ಮ ಕಂಪನಿಯ ಒಂದೇ ಫೋನ್ ನಂಬರ್ ಮೇಕರ್‌ಗೂ ಚೆಕರ್‌ಗೂ ನೋಂದಣಿ ಆಗಿದ್ದರೆ, ಎರಡು ಲಾಗಿನ್‌ಗಳೂ ಒಂದೇ ಕಂಪ್ಯೂಟರ್‌ನಿಂದ ಕೆಲವೇ ನಿಮಿಷದ ಅಂತರದಲ್ಲಿ ಬರುತ್ತಿದ್ದರೆ, ಅದು ನಿಮ್ಮ ಸರ್ವರ್‌ಗೆ ಕಾಣುತ್ತದೆ. ಕಂಡಾಗ ನಿರ್ದೇಶಕರಿಗೆ ನೇರವಾಗಿ ಫೋನ್ ಮಾಡಿ ಕೇಳಿ. ನಾವು ಹೇಳಿದರೆ ಅವರು ಕೇಳದಿರಬಹುದು, ಬ್ಯಾಂಕ್ ಹೇಳಿದರೆ ಕೇಳುತ್ತಾರೆ.

ಇಂತಿ,
ಅಕೌಂಟ್ಸ್ ಸೆಕ್ಷನ್‌ನ ಒಬ್ಬ ಮೇಕರ್